ನವಲಗುಂದದಲ್ಲಿ ಸ್ಕೂಟರಿಗೊಂದು ಬಾಡಿಗೆ ಮನೆ

ಹೋದ ತಿಂಗಳು ನನ್ನ ತಂಗಿಯ ಮಗಳು ವಿದ್ಯಾ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ನೋಡಲು ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದಳು. ಜೊತೆಗೊಬ್ಬರು ತಲೆ ನೆರೆತವರಿದ್ದರೆ ಮಾಲೀಕರು ಮೆತ್ತಗೆ ಮಾತಾಡುತ್ತಾರೆ ಎಂದು ಅವಳ ನಂಬಿಕೆ. ಮನೆ ಮೂರನೆಯ ಮಹಡಿಯಲ್ಲಿತ್ತು. ಮಾಲೀಕರು ಬೀಗದ ಕೈ ಗೊಂಚಲು ಹಿಡಿದು ಲಿಫ್ಟಿನ ಕಡೆ ಹೊರಟರೆ ಇವಳು ಅಲ್ಲೇ ನಿಂತಳು.

"ಅಂಕಲ್, ಮೊದಲ ಪಾರ್ಕಿಂಗ್ ತೋರಸ್ರಿ. ಅದು ಪಾಡ ಇದ್ರ ಮ್ಯಾಲ ಬರ್ತೇವಿ."

ಆತನಿಗೆ ಒಂದಿಷ್ಟೂ ಅಚ್ಚರಿಯಾಗಲಿಲ್ಲ. ಕೆಳಗೆ ಕರೆದೊಯ್ದು, ಎರಡು ಕಂಬಗಳ ನಡುವಿನ ಜಾಗ ತೋರಿಸಿದರು. ವಿದ್ಯಾ ಅದನ್ನು ಹೆಜ್ಜೆ ಹಾಕಿ ಅಳೆದಳು. ನಾನು ಸೆರಗು ಬಾಯಿಗೆ ಹಿಡಿದು ನಗತೊಡಗಿದೆ.

"ಯಾಕ ದೊಡ್ಡವ್ವಾ, ಏನಾತು?"

"ಏನಿಲ್ಲ ಬಿಡು. ಈ ಮಾತು ಬಾಯಿಂದ ಬಂದದ್ದಕ್ಕ ನವಲಗುಂದದಾಗ ನನಗ ಮಂದಿ ಹುಚ್ಚಿ ಅಂದಿದ್ರು."

ಅವಳಿಗೆ ಆಗ ಕೇಳಲು ಪುರುಸೊತ್ತಿರಲಿಲ್ಲ. ನಿಮಗೆ ಇದ್ದಂತೆ ಕಾಣುತ್ತದೆ, ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನನಗೆ ಗ್ರಾಮಸೇವಿಕೆಯ ನೌಕರಿ ಸಿಕ್ಕಿತ್ತು. ಹಳ್ಳಿಗಳಿಗೆ ಹೋಗಿ ಹೊಗೆಯಿಲ್ಲದ ಒಲೆ ಕಟ್ಟಿಸುವುದು, ಹೆಂಗಸರನ್ನು ಕೂಡಿಸಿ ಹೊಲಿಗೆ ಕಲಿಸುವುದು, ಕೂಸುಗಳ ತೂಕ ನೋಡುವುದು, ಎಲ್ಲವನ್ನೂ ಒಂದು ದಪ್ಪ ವಹಿಯಲ್ಲಿ ಬರೆಯುವುದು. ಇಪ್ಪತ್ಮೂರು ವರ್ಷದ, ಮದುವೆಯಾಗದ ಹುಡುಗಿ ಆರು ಮಕ್ಕಳ ತಾಯಂದಿರಿಗೆ ಕೂಸು ಸಾಕುವುದನ್ನು ಕಲಿಸುವ ಚೆಂದ ಹೇಗಿರುತ್ತಿತ್ತೆಂದು ನೀವೇ ಊಹಿಸಿಕೊಳ್ಳಿ. ನಾನು ಕಟ್ಟಿಸಿದ ಮೊದಲ ಹೊಗೆಯಿಲ್ಲದ ಒಲೆ ಎಂಥ ಹೊಗೆ ಬಿಟ್ಟಿತೆಂದರೆ, ಬಾಜು ಮನೆಯವರು ನೀರಿನ ಕೊಡ ಹಿಡಿದು ಓಡಿಬಂದಿದ್ದರು.

ಆದರೆ ನನ್ನ ಹತ್ತಿರ ಒಂದು ಸ್ಕೂಟರ್ ಇತ್ತು. ತಾಲೂಕಿನಲ್ಲಿ ಬೇರೆ ಯಾವ ಹೆಂಗಸಿಗೂ ಅದು ಇರಲಿಲ್ಲ.

ಅದು ಅಪ್ಪನದು. ಅಪ್ಪ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್. ನಾವು ಬೆಳೆದ ರೇಲ್ವೆ ಕ್ವಾರ್ಟರ್ಸಿನಲ್ಲಿ ಎರಡೇ ಖೋಲಿ. ಅಪ್ಪನ ಸೈಕಲ್ಲು ರಾತ್ರಿ ಹಗಲು ಅಡುಗೆಮನೆಯಲ್ಲೇ ಇರುತ್ತಿತ್ತು. ಅವ್ವ ರೊಟ್ಟಿ ಬಡಿಯುವಾಗ ನಾನೂ ತಂಗಿಯೂ ಪೆಡಲ್ ತಿರುವುತ್ತ ಕುಳಿತರೆ ಹಿಂದಿನ ಗಾಲಿಯ ಗಾಳಿಗೆ ಒಲೆಯ ಬೂದಿ ಹಾರಿ ಹಿಟ್ಟಿನ ಮೇಲೆ ಬೀಳುತ್ತಿತ್ತು. "ಇದನ್ನ ಹೊರಗ ಹಾಕ್ರಿ" ಎಂದು ಅವ್ವ ಚೀರಿದರೆ ಅಪ್ಪನ ಉತ್ತರ ಯಾವಾಗಲೂ ಒಂದೇ. "ರೈಲಿಗೂ ನಿಂದ್ರಾಕ ಸೈಡಿಂಗ್ ಇರ್ತದ. ಇದಕ್ಕ ಇದ ಸೈಡಿಂಗು." ಸೈಕಲ್ಲಿನ ನಂತರ, ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯಿಂದ ಈ ಹಳೆಯ ಸ್ಕೂಟರ್ ಬಂತು. ಪಾರಿವಾಳದ ಬಣ್ಣದ್ದು. ಅಪ್ಪ ಅದನ್ನು ಒರೆಸಿದಷ್ಟು ಚೆನ್ನಾಗಿ ನಮ್ಮ ಮುಖ ಒರೆಸಿದ್ದು ನನಗೆ ನೆನಪಿಲ್ಲ.

ಎರಡೇ ವರ್ಷಕ್ಕೆ ಅಪ್ಪನ ಕಣ್ಣಿಗೆ ಪೊರೆ ಬಂತು. ಒಂದು ದಿನ ಗೇಟಿನ ಹತ್ತಿರ ಎರಡು ಎಮ್ಮೆ ಕಂಡವಂತೆ. ನಡುವೆ ಹೋಗೋಣವೆಂದು ಹೋದರೆ ಇದ್ದದ್ದು ಒಂದೇ ಎಮ್ಮೆ, ಸರಿಯಾಗಿ ನಡುವಿನಲ್ಲಿ. ಎಮ್ಮೆಗೆ ಏನೂ ಆಗಲಿಲ್ಲ. ಅಪ್ಪ ಅಂದಿನಿಂದ ಸ್ಕೂಟರ್ ಮುಟ್ಟಲಿಲ್ಲ. ನನ್ನ ನೌಕರಿಯ ಆರ್ಡರ್ ಬಂದ ಮರುದಿನ ಹತ್ತಿಯ ಮೂಟೆ ಇಳಿಸುವ ಯಾರ್ಡಿಗೆ ನನ್ನನ್ನು ಕರೆದೊಯ್ದು, "ಹತ್ತು" ಎಂದರು. ಅವ್ವ ಎರಡು ದಿನ ಮಾತು ಬಿಟ್ಟಳು. ನಾನು ಮೂರು ವಾರ ಬಿದ್ದೆ, ನಾಲ್ಕನೆಯ ವಾರ ಕಲಿತೆ. "ಬ್ರೇಕ್ ಹಿಡಿ ಅಂದ್ರ ಕಣ್ಣ್ ಯಾಕ ಮುಚ್ಚತೀಯವಾ?" ಎಂದು ಅಪ್ಪ ಓಡುತ್ತ ಕೇಳುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ.

ಹೀಗೆ ನಾನೂ ಸ್ಕೂಟರೂ ನವಲಗುಂದಕ್ಕೆ ಬಂದೆವು. ಸರಕಾರಿ ದವಾಖಾನೆಯ ನರ್ಸಮ್ಮ ತನ್ನ ಖೋಲಿಯಲ್ಲಿ ಒಂದು ಚಾಪೆಯಷ್ಟು ಜಾಗ ಕೊಟ್ಟಳು. ಸ್ಕೂಟರಿಗೆ ಅಲ್ಲಿ ಜಾಗವಿರಲಿಲ್ಲ. ಅದನ್ನು ಕಚೇರಿಯ ಬೇವಿನ ಮರದ ಕೆಳಗೆ ನಿಲ್ಲಿಸಿ ನಾನು ಮನೆ ಹುಡುಕಲು ಹೊರಟೆ.

ನವಲಗುಂದದ ಹಳೆಯ ಮನೆಗಳನ್ನು ನೋಡಿದ್ದೀರಾ? ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬೇಸಿಗೆಯಲ್ಲೂ ತಣ್ಣಗೆ. ವಾಸಕ್ಕೆ ಬಹಳ ಒಳ್ಳೆಯವು. ಆದರೆ ಬೀದಿಯಿಂದ ಎದೆಮಟ್ಟದ ಕಟ್ಟೆ, ಕಟ್ಟೆಯ ಮೇಲೆ ಗಿಡ್ಡ ಬಾಗಿಲು, ಬಾಗಿಲಿಗೆ ಮೊಣಕಾಲೆತ್ತರದ ಹೊಸ್ತಿಲು. ಮನುಷ್ಯರೇ ತಲೆ ತಗ್ಗಿಸಿ ಕಾಲೆತ್ತಿ ಒಳಗೆ ಹೋಗಬೇಕು. ಸ್ಕೂಟರಿಗೆ ಈ ಎರಡೂ ಬರುವುದಿಲ್ಲ. ಮಳೆಗಾಲ ಬೇರೆ ಶುರುವಾಗಿತ್ತು. ನಮ್ಮ ಎರಿಮಣ್ಣು ನೆನೆದರೆ ಗಾಲಿಗೆ ಸುತ್ತಿಕೊಂಡು ಹಿಟ್ಟಿನ ಮುದ್ದೆಯಂತಾಗುತ್ತದೆ. ಹೊರಗೆ ಒಂದು ವಾರ ಬಿಟ್ಟ ಗಾಡಿಯನ್ನು ಅಗೆದೇ ತೆಗೆಯಬೇಕು.

ನಾನು ಶಾಣ್ಯಾಳಂತೆ ಒಂದು ಉಪಾಯ ಮಾಡಿದೆ. ಹತ್ತಿಯ ದಾರ ತೆಗೆದುಕೊಂಡು ಸ್ಕೂಟರಿನ ಹ್ಯಾಂಡಲಿನ ಈ ತುದಿಯಿಂದ ಆ ತುದಿಗೆ ಹಿಡಿದು ಕತ್ತರಿಸಿದೆ. ಆ ದಾರವನ್ನು ಪರ್ಸಿನಲ್ಲಿಟ್ಟುಕೊಂಡು ಮನೆಮನೆಗೆ ಹೋದೆ. ಮಾಲೀಕರು ಪಡಸಾಲೆ ತೋರಿಸುವ ಮೊದಲೇ ಬಾಗಿಲಿಗೆ ದಾರ ಹಿಡಿದು ನೋಡುವುದು. ಒಂದು ಮನೆಯಲ್ಲಿ ನನ್ನನ್ನು ಜಮೀನು ಅಳೆಯಲು ಬಂದ ಸರಕಾರದವಳೆಂದು ತಿಳಿದು, ಕಟ್ಟೆಯನ್ನು ಬೀದಿಗೆ ಚಾಚಿ ಕಟ್ಟಿದ್ದ ಯಜಮಾನರು ಗಾಬರಿಯಾಗಿ ಎರಡು ಲೋಟ ಮಜ್ಜಿಗೆ ಕುಡಿಸಿದರು. ನಾನು ಬಾಡಿಗೆ ಮನೆ ಕೇಳಿದಾಗ ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಮನೆ ಇಲ್ಲವೆನ್ನುವುದನ್ನೂ ನಕ್ಕೊಂತಲೇ ಹೇಳಿದರು.

ರಮಾಬಾಯಿ ಎಂಬ ಅಜ್ಜಿಯ ಮನೆ ಮಾತ್ರ ಕೂಡಿಬರುವ ಹಾಗೆ ಕಂಡಿತು. ದಾರ ಬಾಗಿಲಿನಲ್ಲಿ ಹಾಯ್ದುಹೋಯಿತು. ಕಟ್ಟೆಗೆ ಹಲಗೆ ಹಾಕಿ ಮೂರು ಜನ ಗಾಡಿಯನ್ನು ಮೇಲೆ ತಳ್ಳಿದೆವು. ಅರ್ಧ ಒಳಗೆ ಹೋದ ಸ್ಕೂಟರ್ ಬಾಗಿಲಲ್ಲಿ ಸಿಕ್ಕಿಬಿತ್ತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಮನೆಗೆ ಇದ್ದದ್ದು ಅದೊಂದೇ ಬಾಗಿಲು. ಅಜ್ಜಿ ಒಳಗೆ, ನಾವು ಹೊರಗೆ. ಅಜ್ಜಿ ಒಳಗಿನಿಂದ ಹೆಡ್‌ಲೈಟಿನ ಮುಖ ನೋಡುತ್ತ, "ಏನವಾ, ಇದಕ್ಕ ಈಗ ಏನ್ ಹಾಕಬೇಕು ತಿನ್ನಾಕ?" ಎಂದರು. ಬಡಿಗನನ್ನು ಕರೆಸಿ ಚೌಕಟ್ಟಿನ ಒಂದು ಪಟ್ಟಿ ಕಳಚಿ ಗಾಡಿ ಬಿಡಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಅಜ್ಜಿ ಕಿಟಕಿಯಿಂದ ನಮಗೆಲ್ಲ ಅವಲಕ್ಕಿ ಕೊಟ್ಟರು. ಮನೆ ಕೊಡಲಿಲ್ಲ.

ಇನ್ನೊಂದು ಕಡೆ ದೊಡ್ಡ ಹಿತ್ತಲಿತ್ತು, ತಗಡಿನ ಮಾಡಿತ್ತು. ಯಜಮಾನ ಬಸಣ್ಣಕಾಕಾ ಕಾಳಿನ ವ್ಯಾಪಾರಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು.

"ಗಂಡ ಎಲ್ಲಿರ್ತಾನ?"

"ಮದುವಿ ಆಗಿಲ್ಲರಿ."

"ಅಣ್ಣ ತಮ್ಮ?"

"ಇಲ್ಲರಿ. ನಾ ಒಬ್ಬಾಕಿ."

ಕಾಕಾ ಬಹಳ ಹೊತ್ತು ಯೋಚನೆ ಮಾಡಿ ನ್ಯಾಯ ಹೇಳಿದರು. "ಹಂಗಾದ್ರ ಒಂದ್ ಕೆಲಸ ಮಾಡು. ಗಾಡಿ ಇಲ್ಲಿರ್ಲಿ. ನೀ ಬ್ಯಾರೆ ಕಡೆ ನೋಡ್ಕೋ."

ನನಗೆ ಮನೆ ಕೊಡುವವರು ಗಾಡಿಯನ್ನು ಒಲ್ಲೆಂದರು. ಗಾಡಿಯನ್ನು ಒಪ್ಪಿದ ಒಬ್ಬರು ನನ್ನನ್ನು ಒಲ್ಲೆಂದರು. ಅಂದು ಕಚೇರಿಗೆ ಮರಳುವಾಗ ನನಗೆ ಅಳುವೂ ನಗುವೂ ಕೂಡಿಯೇ ಬಂದವು.

ಬೇವಿನ ಮರದ ಕೆಳಗೆ ಸ್ಕೂಟರ್ ದಿನದಿನಕ್ಕೆ ಹಾಳಾಗತೊಡಗಿತು. ಒಂದು ಕರು ಸೀಟನ್ನು ನೆಕ್ಕಿ ನೆಕ್ಕಿ ಹೊಲಿಗೆ ಬಿಡಿಸಿತು. ಕಾಲಿಡುವ ಜಾಗದಲ್ಲಿ ಒಂದು ಕೋಳಿ ಮೊಟ್ಟೆ ಇಟ್ಟು, ಹತ್ತಿರ ಹೋದವರನ್ನು ಕುಕ್ಕತೊಡಗಿತು. ಇಷ್ಟರಲ್ಲಿ ಅಪ್ಪ ಅಣ್ಣಿಗೇರಿಯಿಂದ ಬಸ್ಸಿಗೆ ಬಂದರು. ನನ್ನನ್ನು ಮಾತಾಡಿಸುವ ಮೊದಲು ಮರದ ಹತ್ತಿರ ಹೋದರು. ಕಣ್ಣು ಕಾಣದ್ದಕ್ಕೆ ಕೈಯಿಂದಲೇ ಗಾಡಿ ಸವರಿದರು. ಸೀಟು, ತುಕ್ಕು ಹಿಡಿದ ಅಂಚು, ಕೆಸರು ಮೆತ್ತಿದ ಗಾಲಿ. ಬೈಯುತ್ತಾರೆಂದು ನಾನು ಸಿದ್ಧಳಾಗಿದ್ದೆ. ಬೈಯಲಿಲ್ಲ.

"ಸರೂ, ಗದಗಿನವರೊಬ್ಬರು ಕೇಳ್ಯಾರ. ಆಯಿತವಾರ ಬಂದು ಒಯ್ತಾರ. ಕೊಟ್ಟುಬಿಡೂಣು" ಎಂದರು.

"ಇನ್ನೊಂದ್ ವಾರ ನೋಡ್ತೀನಿ ಅಪ್ಪಾ."

"ನಿನ್ನ ಮ್ಯಾಲ ಸಿಟ್ಟಿಲ್ಲವಾ. ಇದರ ಈ ಗತಿ ನನಗ ನೋಡಾಕ ಆಗೂದಿಲ್ಲ."

ಸ್ಕೂಟರ್ ಹೋದರೆ ನನ್ನ ಕೆಲಸ ಹೋದಂತೆಯೇ. ದೂರದ ಹಳ್ಳಿಗಳಿಗೆ ಬೆಳಿಗ್ಗೆ ಬಸ್ಸಿತ್ತು; ಸಂಜೆಯ ಬಸ್ಸು ಮನಸ್ಸಿಗೆ ಬಂದರೆ ಬರುತ್ತಿತ್ತು. ಕಚೇರಿಯ ಸಾಹೇಬರು ಆಗಲೇ, "ಯಾಕ ತ್ರಾಸ್ ತಗೋತೀರಿ ಬಾಯಾರ, ಇಲ್ಲೇ ಫೈಲ್ ನೋಡಕೋತ ಕುಂಡ್ರಿ" ಎಂದು ಎರಡು ಸಲ ಹೇಳಿದ್ದರು. ಮೊರಬದಲ್ಲಿ ಬುಧವಾರದ ಹೊಲಿಗೆ ಕ್ಲಾಸಿಗೆ ಹದಿನೆಂಟು ಹೆಂಗಸರು ಕೂಲಿ ಬಿಟ್ಟು ಬಂದು ಕೂಡುತ್ತಿದ್ದರು. ಅವರು ಆಗಷ್ಟೇ ಕತ್ತರಿ ಹಿಡಿಯುವುದನ್ನು ಕಲಿತಿದ್ದರು. ಅವರಿಗೆ ಏನು ಹೇಳಲಿ?

ಮರುದಿನ, ಮಂಗಳವಾರ, ನಾನು ಕೋಳಿಯೊಂದಿಗೆ ಜಗಳಾಡುತ್ತ ಸ್ಕೂಟರ್ ಒರೆಸುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಮೊರಬಕ್ಕ ಹೋಗೂ ಬಾಯಿ ನೀನೇನು?"

ಐವತ್ತರ ಮೇಲಿನ ಹೆಂಗಸು. ಗಟ್ಟಿ ಮೈ, ಹಸಿರು ಸೀರೆ, ತಲೆ ತುಂಬ ಸೆರಗು, ಬೆರಳುಗಳೆಲ್ಲ ಕೆಂಪು ಬಣ್ಣ. ಹೆಸರು ಖತೀಜಾಬಿ, ಜಮಖಾನ ನೇಯುವಾಕಿ. ಅವಳ ಒಬ್ಬಳೇ ಮಗಳು ರಜಿಯಾಳನ್ನು ವರ್ಷದ ಹಿಂದೆ ಮೊರಬಕ್ಕೆ ಕೊಟ್ಟಿದ್ದರು. ಅಳಿಯ ಅಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಖತೀಜಾಬಿ ಒಂದು ಗಂಟು ಮುಂದೆ ಮಾಡಿದಳು.

"ಇದರಾಗ ಒಂದ್ ಸೀರಿ, ಒಂದಿಷ್ಟ ಖಾರದ ಪುಡಿ ಐತಿ. ಮಗಳಿಗೆ ಮುಟ್ಟಸ್ತೀಯಾ ಬೇಟಿ?"

"ನಾಳೆ ಮುಟ್ಟಸ್ತೀನ್ರಿ. ಮುಂದಿನ ವಾರದಿಂದ ಮಾತ್ರ ಆಗೂದಿಲ್ಲ. ಗಾಡಿ ಆಯಿತವಾರ ಹೊಂಟೈತಿ."

"ಯಾಕ? ಕೆಟ್ಟೈತೇನು?"

"ಕೆಟ್ಟಿಲ್ಲರಿ. ನಿಂದ್ರಾಕ ಜಾಗಾ ಇಲ್ಲ."

ಅವಳು ಒಮ್ಮೆ ಗಾಡಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನಾನು ದಾರದ ಕತೆ, ಅಜ್ಜಿಯ ಬಾಗಿಲಿನ ಕತೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ದಾರದಾಗ ಅಳದೀಯಾ? ಹತ್ತಿ ದಾರ ಎಳದಷ್ಟೂ ಹಿಗ್ಗತೈತಲ್ಲೇ ಹುಚ್ಚಿ! ಗಾಡಿ ಮುಂದ ಜಗ್ಗಿ ಹಿಡದಿ, ಬಾಗಲದ ಮುಂದ ಸಡಲ ಹಿಡದಿ. ಇಬ್ಬರಿಗೂ ಸುಳ್ಳ ಹೇಳೈತಿ ಅದು."

ಹಾಗೆಂದವಳೇ ಕೆಂಪು ಬೆರಳುಗಳನ್ನು ಚಾಚಿ ಸ್ಕೂಟರಿನ ಮೂತಿಯಿಂದ ಹಿಂದಿನ ಗಾಲಿಯವರೆಗೆ ಗೇಣು ಹಾಕಿದಳು. ಹ್ಯಾಂಡಲಿನ ಅಗಲಕ್ಕೂ ಹಾಕಿದಳು. ಮನಸ್ಸಿನಲ್ಲಿ ಏನೋ ಎಣಿಸಿ, "ನಡಿ, ಹೋಗೂಣು" ಎಂದಳು.

ಅವಳ ಮನೆ ಜಮಖಾನದ ಓಣಿಯಲ್ಲಿತ್ತು. ನಾನು ಮೊದಲು ನೋಡಿದ್ದು ಬಾಗಿಲನ್ನು. ಎರಡು ಅಗಲವಾದ ಪಡಕಿನ ಕದ. ಹೊಸ್ತಿಲ ಜಾಗದಲ್ಲಿ ಇಳಿಜಾರಾದ ಕಲ್ಲು. ಮಗ್ಗದ ದೊಡ್ಡ ತೊಲೆಗಳನ್ನು ಒಳಗೆ ತರಲೆಂದು ಅವಳ ಮಾವ ಹಾಗೆ ಕಟ್ಟಿಸಿದ್ದನಂತೆ. ಒಳಗೆ ಉದ್ದನೆಯ ಪಡಸಾಲೆ. ಒಂದು ಗೋಡೆಗೆ ನೇಯುತ್ತಿದ್ದ ಮಗ್ಗ ನಿಂತಿತ್ತು. ಅದರ ಎದುರಿನ ಗೋಡೆಯ ಬುಡದಲ್ಲಿ ಸಾರಿಸಿ ಗುಡಿಸಿದ ಖಾಲಿ ಜಾಗ. ಅದರ ಮೇಲೆ ಗೋಡೆಯ ಗೂಟಗಳಿಗೆ ಇನ್ನೊಂದು ಮಗ್ಗದ ತೊಲೆಗಳನ್ನು ಬಟ್ಟೆ ಸುತ್ತಿ ಕಟ್ಟಿಟ್ಟಿದ್ದರು.

"ಇದು ರಜಿಯಾನ ಜಾಗಾ" ಎಂದಳು ಖತೀಜಾಬಿ. "ಅಕಿ ಬಂದ್ ಕುಂಡ್ರೂ ದಿನಾ ಖಾಲಿ ಮಾಡಬೇಕು. ಅಲ್ಲೀತನಕ ನಿಂದ್ರಸು. ಬಾಜು ಖೋಲಿ ನಿನಗ. ಒಲಿ ಬ್ಯಾರೆ ಹೂಡಕೋ."

"ಬಾಡಿಗಿ ಏನ್ರಿ?"

"ಬಾಡಿಗಿ ಎಲ್ಲಾರೂ ಕೊಟ್ಟಷ್ಟ ಕೊಡು. ಖರೇ ಬಾಡಿಗಿ ಬ್ಯಾರೆ ಐತಿ. ಬುಧವಾರ ನನ್ನೂ ಮೊರಬಕ್ಕ ಕರಕೊಂಡು ಹೋಗು. ವರ್ಷದಾಗ ಎರಡು ಸಲ ಮಗಳ ಮಾರಿ ನೋಡೀನಿ. ಒಮ್ಮೆ ಸಂಜಿ ಬಸ್ ತಪ್ಪಿ ಬೀಗರ ಮನ್ಯಾಗ ಮೂರು ದಿನ ಕುಂತಿದ್ದೆ. ಮತ್ತ ಹೋಗಾಕ ನಾಚಿಕಿ."

ಆಯಿತವಾರ ಅಪ್ಪ ಬಂದರು. ನಾನು ಓಣಿಗೆ ಕರೆದೊಯ್ದೆ. ಅವರು ಇಳಿಜಾರಿನ ಕಲ್ಲನ್ನು ಕಾಲಿಂದ ತಡವಿ ನೋಡಿದರು, ಬಾಗಿಲಿನ ಎರಡೂ ಪಡಕು ಮುಟ್ಟಿದರು, ಹಳೆಯ ಚಾದರ ಹೊದ್ದು ಬೆಚ್ಚಗೆ ನಿಂತಿದ್ದ ಗಾಡಿಯ ಮೇಲೆ ಕೈಯಾಡಿಸಿದರು.

"ಬಾಯಾರ, ಪೆಟ್ರೋಲ್ ವಾಸನಿ ಬರ್ತದ್ರಿ ಮನಿಯೆಲ್ಲಾ."

"ನಲವತ್ತು ವರ್ಷ ಬಣ್ಣ ಕುದಿಸೀನ್ರಿ ಅಣ್ಣಾರ. ನನ್ನ ಮೂಗು ಎಂದೋ ನಿವೃತ್ತಿ ಆಗೈತಿ."

ಅಪ್ಪ ನಕ್ಕರು. ಬಹಳ ದಿನಗಳ ಮೇಲೆ ಅವರು ಹಾಗೆ ನಕ್ಕದ್ದು. "ಇದಕ್ಕ ಸೈಡಿಂಗ್ ಸಿಕ್ತು ಬಿಡು" ಎಂದರು. ಗದಗಿನವರು ಬಂದಾಗ ಗಾಡಿ ಮಾರುವುದಿಲ್ಲವೆಂದು ಹೇಳಿ ಕಳಿಸಿದರು. ಆ ಓಣಿಯಲ್ಲಿ ಹೇಗೆ ಇರುತ್ತೀಯೆಂದು ಅವ್ವ ಕೇಳಿ ಕಳಿಸಿದಳು. ಕಚೇರಿಯಲ್ಲೂ ಇಬ್ಬರು ಕೇಳಿದರು. ಅಪ್ಪ ಅವ್ವನಿಗೆ ಏನು ಹೇಳಿದರೋ ಗೊತ್ತಿಲ್ಲ; ಮುಂದಿನ ತಿಂಗಳು ಅವಳೇ ಬಂದು, ಖತೀಜಾಬಿಯ ಜೊತೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಿ ಹೋದಳು.

ಮೊದಲ ಬುಧವಾರದ ಸವಾರಿ ನಾನು ಮರೆಯುವಂತಿಲ್ಲ. ಖತೀಜಾಬಿ ಹಿಂದೆ ಒಂದು ಬದಿಗೆ ಕುಳಿತು, ನನ್ನನ್ನು ಹಿಡಿಯದೆ ಸ್ಟೆಪ್ನಿ ಟಾಯರನ್ನು ಅಪ್ಪಿಕೊಂಡಳು. ನಾನು ಗೇರ್ ಬದಲಿಸಿದಾಗಲೊಮ್ಮೆ "ಯಾ ಅಲ್ಲಾ" ಎನ್ನುವಳು. ಮೂರು ಕಿಲೋಮೀಟರ್ ಆದ ಮೇಲೆ ಧೈರ್ಯ ಬಂದು, ದಾರಿಯ ಹೊಲಗಳಲ್ಲಿ ಯಾರ ಹತ್ತಿ ಹೇಗಿದೆ, ಯಾರು ಕಳೆ ತೆಗೆಸಿಲ್ಲ ಎಂದು ನನಗೆ ವರದಿ ಕೊಡತೊಡಗಿದಳು. ಹಳ್ಳದ ಹತ್ತಿರ ಕೆಸರಲ್ಲಿ ಗಾಲಿ ಕಚ್ಚಿಕೊಂಡಾಗ ತಾನೇ ಇಳಿದು, ಸೀರೆ ಎತ್ತಿಕಟ್ಟಿ, ಒಡೆದ ಹೆಂಚಿನ ಚೂರಿನಿಂದ ಮಣ್ಣು ಕೆರೆದಳು.

ಮೊರಬದಲ್ಲಿ ರಜಿಯಾ ಓಡಿಬಂದಳು. ತೆಳ್ಳಗಿನ ಹುಡುಗಿ, ತಾಯಿಯದೇ ಕಣ್ಣು. ಅತ್ತೆ ಒಳ್ಳೆಯ ಹೆಂಗಸು. ಚಹಾ ಮಾಡಿದಳು, ಕುಳ್ಳಿರಿಸಿದಳು. ಮನೆಯವರೆಲ್ಲ ಹೊಲಕ್ಕೆ ದುಡಿಯಲು ಹೋಗುವವರು, ರಜಿಯಾಳೂ ಹೋಗುತ್ತಿದ್ದಳು. ಖತೀಜಾಬಿ ಮಗಳ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಕಳೆ ಕಿತ್ತು ಕಿತ್ತು ಬೆರಳ ತುದಿಗಳು ಒಡೆದಿದ್ದವು. ಗಂಟು ಬಿಚ್ಚಿ ಎಣ್ಣೆ ತೆಗೆದು ಒಂದೊಂದೇ ಬೆರಳಿಗೆ ಹಚ್ಚಿದಳು.

"ಅಮ್ಮೀ, ನನ್ನ ಮಗ್ಗ ಐತೇನು?" ಎಂದು ರಜಿಯಾ ಕೇಳಿದಳು.

"ಐತಿ. ಗ್ವಾಡಿಗೆ ಹಂಗ ಕಟ್ಟೀನಿ."

"ಜಾಗಾ?"

ಖತೀಜಾಬಿ ನನ್ನ ಕಡೆ ನೋಡದೆ ಹೇಳಿದಳು. "ಜಾಗಾನೂ ಐತಿ."

ನಾನು ಚಹಾ ಅರ್ಧಕ್ಕೇ ಕೆಳಗಿಟ್ಟೆ. ಮರಳಿ ಬರುವಾಗ ದಾರಿಯ ನಡುವೆ ಗಾಡಿ ನಿಲ್ಲಿಸಿ, "ಖಾಲಾ, ನಾ ಬ್ಯಾರೆ ಜಾಗಾ ನೋಡ್ತೀನಿ. ಅದು ರಜಿಯಾಂದು" ಎಂದೆ. ಯಾವಾಗ ಅವಳನ್ನು ಖಾಲಾ, ಚಿಕ್ಕವ್ವಾ, ಅನ್ನತೊಡಗಿದ್ದೆನೋ ನನಗೇ ಗೊತ್ತಿರಲಿಲ್ಲ.

"ನೀ ಗಾಡಿ ತಗದ್ರ ನಾ ಅಕಿನ ನೋಡಾಕ ಬರೂದು ಹೆಂಗ?" ಎಂದಳು. ಗಾಡಿ ಚಾಲೂ ಮಾಡಿದೆ.

ಅಂದು ಮನೆಗೆ ಬಂದ ಮೇಲೆ ಅವಳು ಒಂದು ಸಂಗತಿ ಹೇಳಿದಳು. ಆ ಓಣಿಯಲ್ಲಿ ಜಮಖಾನದ ಕೆಲಸವನ್ನು ಸೊಸೆಯಂದಿರಿಗೆ ಕಲಿಸುವುದು ರೂಢಿ, ಮಗಳಿಗೆ ಕಲಿಸುವುದಿಲ್ಲ. ಮಗಳು ಮದುವೆಯಾಗಿ ಪರ ಊರಿಗೆ ಹೋದರೆ ವಿದ್ಯೆಯೂ ಅವಳ ಬೆನ್ನಿಗೆ ಹೋಗುತ್ತದೆಂದು ಹೆದರಿಕೆ. ಖತೀಜಾಬಿಗೆ ಗಂಡುಮಕ್ಕಳಿಲ್ಲ, ಸೊಸೆ ಬರುವಂತಿಲ್ಲ. ಗಂಡ ತೀರಿಕೊಂಡ ಮೇಲೆ ಎದುರಿನ ಖಾಲಿ ಗೋಡೆ ನೋಡಲಾರದೆ ಎಂಟು ವರ್ಷದ ರಜಿಯಾಳನ್ನು ಮಗ್ಗಕ್ಕೆ ಕೂಡಿಸಿದ್ದಳು. "ಕೈ ಭಾಳ ಛಲೋ ಅಕೀದು. ನನಗಿಂತ ಛಲೋ" ಎಂದು ಹೇಳಿ, ಯಾರೋ ಕೇಳಿಸಿಕೊಂಡಾರೆಂಬಂತೆ ಬಾಗಿಲ ಕಡೆ ನೋಡಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕುಂದಗೋಳದ ಒಂದು ಮನೆಯಿಂದ ಮದುವೆಗೆ ಜಮಖಾನ ಬೇಕೆಂದು ಹೇಳಿಕಳಿಸಿದರು. ಒಂದಲ್ಲ, ಜೋಡಿ. ಎರಡೂ ಒಂದೇ ಅಳತೆ, ಒಂದೇ ನಮೂನೆ, ನಡುವೆ ನವಿಲು. ಸುಗ್ಗಿ ಮುಗಿಯುವುದರೊಳಗೆ ಆಗಬೇಕು. ಒಬ್ಬಳೇ ಒಂದು ಮಗ್ಗದ ಮೇಲೆ ಎರಡನ್ನೂ ಮುಗಿಸಲಾರಳು. ಆ ಬುಧವಾರ ಖತೀಜಾಬಿ ಬೀಗತಿಯ ಮುಂದೆ ಕುಳಿತು, ರಜಿಯಾಳನ್ನು ಮೂರು ತಿಂಗಳು ಕಳಿಸಿಕೊಡಿ ಎಂದು ಕೇಳಿದಳು. ಅಂಥ ಹೆಂಗಸು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಬೀಗತಿ ಬೇಸರದಿಂದಲೇ ತಲೆಯಾಡಿಸಿದಳು. "ಸುಗ್ಗ್ಯಾಗ ಹೆಂಗ ಕಳಸ್ಲಿ ಅಕ್ಕಾ? ಮನ್ಯಾಗ ರೊಟ್ಟಿ ಬಡಿಯಾಕ ಒಂದ್ ಕೈ ಬೇಕು." ಆಮೇಲೆ ಏನೋ ನೆನೆಸಿಕೊಂಡವಳಂತೆ ಹೇಳಿದಳು. "ಮಗ್ಗ ಇಲ್ಲೇ ತಂದ್ರ? ಅಕಿ ಹೊಲಕ್ಕ ಬರೂದ್ ಬ್ಯಾಡ. ಮನ್ಯಾಗ ಕುಂತ ನೇಯ್ಲಿ. ನಮ್ಮದೇನೂ ತಕರಾರಿಲ್ಲ."

ಅವಳು ಸಹಜವಾಗಿ ಹೇಳಿದ ಮಾತು. ರಜಿಯಾ ಬಾಗಿಲ ಹತ್ತಿರ ಉಸಿರು ಹಿಡಿದು ನಿಂತಿದ್ದಳು. ಖತೀಜಾಬಿ, "ನೋಡೂಣು" ಎಂದಷ್ಟೇ ಹೇಳಿ ಎದ್ದಳು. ದಾರಿಯುದ್ದಕ್ಕೂ ಯಾರ ಹತ್ತಿಯ ವರದಿಯೂ ಇಲ್ಲ, ಗೇರ್ ಬದಲಿಸಿದರೆ ಅಲ್ಲಾನನ್ನು ಕರೆಯಲೂ ಇಲ್ಲ.

ನಾಲ್ಕು ದಿನ ಅವಳು ಸುಮ್ಮನೆ ನೇಯ್ದಳು. ನಾನು ಸ್ಕೂಟರ್ ಒಳಗೆ ತರುವಾಗ, ಹೊರಗೆ ಒಯ್ಯುವಾಗ ಅವಳ ಕಣ್ಣು ಗೋಡೆಯ ಮೇಲಿನ ತೊಲೆಗಳಿಗೆ ಹೋಗುತ್ತಿತ್ತು. ಅವು ಗೋಡೆಯ ಮೇಲಿರುವವರೆಗೆ ಮಗಳು ಮರಳಿ ಬಂದು ಎದುರಿಗೆ ಕೂಡುವ ಆಸೆ ಇತ್ತು. ಮೊರಬಕ್ಕೆ ಕಳಿಸಿದರೆ ಅವಳು ಇನ್ನು ಈ ಗೋಡೆಗೆ ಬರುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ನನಗೆ ಏನಾದರೂ ಹೇಳಬೇಕೆನ್ನಿಸಿತು. ಸರಕಾರ ನನಗೆ ಹೆಂಗಸರಿಗೆ ತಿಳಿಹೇಳಲೆಂದೇ ಪಗಾರ ಕೊಡುತ್ತಿತ್ತು. ಆದರೂ ನಾನು ಮಾಡಿದ್ದು ಸ್ಕೂಟರನ್ನು ಇನ್ನೊಮ್ಮೆ ಒರೆಸಿದ್ದಷ್ಟೇ.

ಐದನೆಯ ದಿನ ಬೆಳಿಗ್ಗೆ ಅವಳು ನಿಚ್ಚಣಿಕೆ ಹಾಕಿ ಗೋಡೆ ಹತ್ತಿದಳು. "ಸರೋಜಾ, ಕೆಳಗ ಹಿಡಿ" ಎಂದಳು. ನಾವಿಬ್ಬರೂ ಒಂದೊಂದೇ ತೊಲೆ ಇಳಿಸಿದೆವು. ಸುತ್ತಿದ ಬಟ್ಟೆ ಬಿಚ್ಚಿದಳು, ಎಣ್ಣೆ ಹಚ್ಚಿದಳು. ಆಯಿತವಾರ ಅಳಿಯ ಟ್ರ್ಯಾಕ್ಟರಿನ ಟ್ರೇಲರ್ ತಂದ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅವರಲ್ಲಿ ಹಿರಿಯಳಾದ ಒಬ್ಬಳು ನೊಂದುಕೊಂಡೇ ಹೇಳಿದಳು.

"ಖತೀಜಾ, ಓಣಿ ವಿದ್ಯೆ ಹೊರಗ ಕಳಿಸಿದೆಲ್ಲ ಬೇ."

ಖತೀಜಾಬಿ ಟ್ರೇಲರಿನ ಹಗ್ಗ ಬಿಗಿಯುತ್ತಿದ್ದವಳು ತಿರುಗಿದಳು. "ಹೊರಗ ಎಲ್ಲಿ ಹೋತು ಫೂಫೀ? ಮಗಳ ಕೈಯಾಗ ಹೋತು. ಕಲಸಿದ ದಿನಾನ ಹೋಗೈತಿ ಅದು. ಇವತ್ತು ಬರೇ ಕಟಗಿ ಹೊಂಟೈತಿ."

ಮುದುಕಿ ತನ್ನ ಮನೆಯೊಳಗೆ ಹೋಗಿ ಒಂದು ಲಡಿ ಹಳದಿ ನೂಲು ತಂದು ಟ್ರೇಲರಿನಲ್ಲಿಟ್ಟಳು. "ನವಲಿನ ಕಣ್ಣಿಗೆ ಇದನ್ನ ಹಾಕಂತ ಹೇಳು. ಬ್ಯಾರೆ ಹಳದಿ ನಡಿಯೂದಿಲ್ಲ."

ಟ್ರ್ಯಾಕ್ಟರ್ ಹೋದ ಮೇಲೆ ಖತೀಜಾಬಿ ಖಾಲಿ ಗೋಡೆಯ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಆಮೇಲೆ ನನ್ನನ್ನು ಬೈದಳು. "ನೋಡ್ತಾ ಏನ್ ನಿಂತಿ? ಗಾಡಿ ಸರಿಯಾಗಿ ಗ್ವಾಡಿಗೆ ಹತ್ತಿಸಿ ನಿಂದ್ರಸು. ದಿನಾ ಸೊಟ್ಟ ನಿಂದ್ರಸ್ತಿ. ಇನ್ನ ನಿನ್ನ ಜಾಗಾ ಇದು."

ಮುಂದಿನ ಬುಧವಾರ ನಾವು ಬಣ್ಣ ಹಾಕಿದ ನೂಲಿನ ಗಂಟು ಕಟ್ಟಿಕೊಂಡು ಹೊರಟೆವು. ಬಿಸಿಲು ಹೊಸದಾಗಿತ್ತು, ಜೋಳ ಎದೆಮಟ್ಟ ಬಂದಿತ್ತು. ದಾರಿಯ ಹೊಲಗಳ ವರದಿ ಮತ್ತೆ ಶುರುವಾಗಿತ್ತು. ಮೊರಬದ ಓಣಿಗೆ ತಿರುಗುತ್ತಲೇ ಖತೀಜಾಬಿ ನನ್ನ ಭುಜ ಒತ್ತಿದಳು. ಅವಳು ನನ್ನನ್ನು ಹಿಡಿದದ್ದು ಅದೇ ಮೊದಲು.

"ಬಂದ್ ಮಾಡು. ಬಂದ್ ಮಾಡು ಗಾಡಿ."

ನಾನು ಇಂಜಿನ್ ಆರಿಸಿದೆ. ನಾವಿದ್ದದ್ದು ಓಣಿಯ ನಟ್ಟನಡುವೆ. ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ಗಾಡಿ ನಿಲ್ಲಿಸಲು ಅದಕ್ಕಿಂತ ಕೆಟ್ಟ ಜಾಗ ಆ ಊರಲ್ಲಿ ಇರಲಿಕ್ಕಿಲ್ಲ. ಮೂರು ಮನೆ ಆಚೆಯಿಂದ ಸದ್ದು ಕೇಳಿಸಿತು. ನೇಯ್ದ ನೂಲನ್ನು ಕಬ್ಬಿಣದ ಹಣಿಗೆಯಿಂದ ಕೆಳಕ್ಕೆ ಬಡಿಯುವ ಸದ್ದು. ಧಪ್, ಧಪ್, ಧಪ್; ಸ್ವಲ್ಪ ತಡೆದು ಮತ್ತೆ ಧಪ್. ನನಗೆ ಅದು ಬರೀ ಸದ್ದು. ಖತೀಜಾಬಿಗೆ ಅದು ಓದುವ ಅಕ್ಷರ. ಕಣ್ಣು ಮುಚ್ಚಿಕೊಂಡು, "ಅಂಚು ಮುಗಿಸ್ಯಾಳ. ಈಗ ನವಲಿನ ಕಾಲು" ಎಂದಳು.

"ಇಳೀರಿ ಖಾಲಾ, ಹೋಗೂಣು."

"ತಡಿ. ನಾವು ಹ್ವಾದ್ರ ಅಕಿ ನಿಂದ್ರಸ್ತಾಳ."

ಹಿಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಮೇವು ಹೇರಿಕೊಂಡಿದ್ದ ಗಾಡಿಯವನು, "ಬಾಯಾರ, ದಾರಿ ಬಿಡ್ರಿ. ಇದೇನ್ ಗಾಡಿ ನಿಂದ್ರಸೂ ಜಾಗಾ ಏನ್ರಿ?" ಎಂದ.

ಖತೀಜಾಬಿ ಕಣ್ಣು ತೆರೆಯದೆ, ತಿರುಗದೆ, ಕೆಂಪು ಬೆರಳಿನ ಕೈಯನ್ನಷ್ಟೇ ಮೇಲೆತ್ತಿದಳು.

"ಒಂದ್ ಸಾಲು ಮುಗೀಲಿ ತಡಿಯಪಾ" ಎಂದಳು.